ಶೆಡ್ಡಿನ ಕಡೆಯ ಕಿಟಕಿ

ಅಪ್ಪಾ,

ಕಾರು ಇಲ್ಲೇ ನಿಂತಿದೆ ಅಂತ ಗಾಬರಿ ಆಗಬೇಡಿ, ನಾನು ಬಸ್ಸಿಗೆ ಹೋದೆ. ಚಾರ್ಜಿಗೆ ಹಾಕಿದ್ದ ವೈರನ್ನ ಯಾರೋ ಕಿತ್ತು, ನೀಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದಾರೆ. ಯಾರೋ ಅಂದ್ರೆ, ಈ ಮನೇಲಿ ಇರೋದು ನಾವಿಬ್ಬರೇ! ದುಡಿದ ಗಾಡಿ ಸುಮ್ಮನೆ ಮಲಗಬೇಕು ಅನ್ನೋದು ನೀವು ಬಸ್ಸು ಓಡಿಸ್ತಿದ್ದ ಕಾಲದ ಮಾತು. ಇದು ಊಟ ಮಾಡೋದೇ ನಿಂತಾಗ. ಈಗ ಮತ್ತೆ ಸಿಕ್ಕಿಸಿದ್ದೀನಿ, ದಯವಿಟ್ಟು ಮುಟ್ಟಬೇಡಿ.

ತಿಂಡಿ ಮುಚ್ಚಿಟ್ಟಿದ್ದೀನಿ, ಬಿಸಿ ಇರುವಾಗಲೇ ತಿನ್ನಿ.

ಹೌದು, ಚಾರ್ಜ್ ಆಗೋಕೆ ಒಂದು ಯುಗ ಬೇಕು, ದೂರದ ಊರಿಗೆ ನಂಬಿ ಹೊರಡೋ ಹಾಗಿಲ್ಲ. ಕರೆಂಟೂ ಎಲ್ಲೋ ಕಲ್ಲಿದ್ದಲು ಸುಟ್ಟೇ ಬರುತ್ತೆ ಅಂತೀರಿ, ಅದನ್ನೂ ಒಪ್ಪಿದೆ. ವಾದದಲ್ಲಿ ನೀವೇ ಗೆದ್ದಿರಿ. ಆದ್ರೆ ನಾನು ಇದನ್ನ ತಂದಿದ್ದು ಲೋಕ ಉದ್ಧಾರ ಮಾಡೋಕಲ್ಲ. ಶೆಡ್ಡಲ್ಲಿ ಹಳೇ ಕಾರು ಸ್ಟಾರ್ಟ್ ಮಾಡಿದಾಗೆಲ್ಲ ಹೊಗೆ ನೇರ ನಿಮ್ಮ ಕೋಣೆಗೇ ನುಗ್ತಿತ್ತು. ನೀವು ಕೆಮ್ಮುತ್ತಾ ಎದ್ದು ಕಿಟಕಿ ಹಾಕ್ಕೊಳ್ತಿದ್ರಿ. ಕೊನೆಗೆ ತೆಗೆಯೋದನ್ನೇ ಬಿಟ್ಟುಬಿಟ್ರಿ.

ನೀವು ಮಲಗಿದ್ದಾಗ ಆ ಕಿಟಕಿಯ ಚಿಲಕಕ್ಕೆ ಎಣ್ಣೆ ಬಿಟ್ಟು ತೆಗೆದಿದ್ದೀನಿ. ಹಾಗೇ ಇರಲಿ, ಮುಚ್ಚಬೇಡಿ.