ಎರಡು ಕಂಬಗಳ ನಡುವಿನ ಗಾಳಿ

ಕೆಲಗೇರಿ, ಧಾರವಾಡ
೨೨ ಫೆಬ್ರುವರಿ ೨೦೦೪

ಪ್ರೀತಿಯ ಜಯಾ,

ಪುಣೆಯಿಂದ ನೀನು ಬರೆದ ಎರಡು ಪತ್ರಗಳಿಗೂ ನನ್ನಿಂದ ಉತ್ತರ ಬಂದಿಲ್ಲ. ಸಿಟ್ಟು ಬಂದಿದ್ದರೆ ಇದನ್ನು ಓದಿ ಮುಗಿಸುವತನಕ ಅದನ್ನು ಪಕ್ಕಕ್ಕಿಡು. ಮನೆಯಲ್ಲಿ ಎಲ್ಲರೂ ಆರಾಮ. ಮೊನ್ನೆ ಫೋನಿನಲ್ಲಿ "ಗೆದ್ದೆವು" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆ ದಿನ ನೀನು ಪಕ್ಕದಲ್ಲಿರಬೇಕಿತ್ತು. ಇರಲಿಲ್ಲವಾದ್ದರಿಂದ ನಡೆದದ್ದನ್ನೆಲ್ಲ ಬರೆಯುತ್ತೇನೆ.

ಫ್ಯಾನಿನಿಂದ ಗಾಳಿ ಹಾಯಿಸಿ ಅದರ ನಡೆ ನೋಡುವ ನಮ್ಮ ಗಾಳಿ ಸುರಂಗ ಇರುವ ಶೆಡ್ಡನ್ನು ಕೆಡವಿ ಇನ್ನೊಂದು ಕಂಪ್ಯೂಟರ್ ಲ್ಯಾಬ್ ಕಟ್ಟಬೇಕೆಂದು ಕಾಲೇಜಿನವರು ಹೊರಟದ್ದು ನಿನಗೆ ಗೊತ್ತು. "ಎಲ್ಲಾ ಕಂಪ್ಯೂಟರಿನ್ಯಾಗ ಬರತೈತಿ, ಈ ಪ್ಲೈವುಡ್ ಪೆಟಗಿ ಯಾಕ್ರಿ ಮೇಡಂ?" ಎಂದು ಪ್ರಿನ್ಸಿಪಾಲರು ಕೇಳಿದ್ದರು. ಇದೇ ಗಾಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತ ದಿನ ಕಳೆಯುವ ನಿನಗೆ ಈ ಮಾತು ಹೇಳಿದಾಗ ನನಗಿಂತ ನೀನೇ ಹೆಚ್ಚು ಕೆರಳಿದ್ದೆ. ಶೆಡ್ಡಿನ ಹಣೆಬರಹ ತೀರ್ಮಾನಿಸಲು ಹೊರಗಿನಿಂದ ಒಂದು ಸಮಿತಿ ಬರುವುದಿತ್ತು. ಅದರ ಅಧ್ಯಕ್ಷರು ಯಾರೆಂದು ತಿಳಿದಾಗ ನನಗೆ ಊಟ ಸೇರಲಿಲ್ಲ. ಅಬ್ದುಲಮಜೀದ ಸರ್. ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದು, ದೇಶದಲ್ಲೆಲ್ಲ ಹೆಸರು ಮಾಡಿದವರು. ಹೋದ ವರ್ಷದ ಸಮ್ಮೇಳನದಲ್ಲಿ ನಾನು ಪ್ರಬಂಧ ಓದಿ ಮುಗಿಸಿದಾಗ ಎದ್ದು ನಿಂತು, "ಟನಲ್ ಸೊಟ್ಟ ಇದ್ರ ಗಾಳಿನೂ ಸೊಟ್ಟನ ಹೋಗತೈತ್ರಿ" ಎಂದವರು ಅವರೇ. ಸಭೆ ನಕ್ಕದ್ದು ನಿನಗೆ ನೆನಪಿರುತ್ತದೆ. ನೀನು ನಗಲಿಲ್ಲ ಎಂಬುದು ನನಗೆ ನೆನಪಿದೆ.

ಸಮಿತಿ ಬರುವ ದಿನ ಬೆಳಿಗ್ಗೆ ರೂತ್ ಅತ್ತೆ ರೊಟ್ಟಿ ಬಡಿಯುತ್ತ ಕೇಳಿದರು: "ಇಷ್ಟ ವರ್ಷ ಆ ಶೆಡ್ಡಿನ್ಯಾಗ ಏನ್ ನೋಡಾಕತ್ತೀ, ಇವತ್ತರ ಹೇಳವಾ."

"ಪೆಟಗ್ಯಾಗ ಎರಡು ಸಣ್ಣ ಕಂಬ ಬಾಜೂಕ ಬಾಜೂ ನಿಂದರಸೇವಿ ಅತ್ತಿ. ನಡುವಿನ ಸಂದಿನ್ಯಾಗ ಗಾಳಿ ಹಾಯ್ತೈತಿ. ನೆಟ್ಟಗ ಹೋಗಬೇಕಲ್ಲ, ಹೋಗಂಗಿಲ್ಲ. ಒಂದ ಕಡಿ ವಾಲತೈತಿ. ಹಂಗ ಇದ್ದು ಇದ್ದು ಒಮ್ಮಿಂದೊಮ್ಮೆಲೆ ಇನ್ನೊಂದ ಕಡಿ ಹೊಳ್ಳತೈತಿ."

"ಯಾರ ಮಾತ ಕೇಳಿ ಹೊಳ್ಳತೈತಿ?"

"ಯಾರ ಮಾತೂ ಕೇಳಂಗಿಲ್ಲ. ಅದ ನಮ್ಮ ತಕರಾರು."

ಅತ್ತೆ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, "ನಿಮ್ಮ ಮಾವನ ಸ್ವಭಾವನೂ ಹಂಗ ಇತ್ತು" ಎಂದರು. ನಗುತ್ತಲೇ ಬಸ್ಸು ಹತ್ತಿದೆ.

ಮಜೀದ ಸರ್ ಬಂದವರೇ ಸುರಂಗದ ಬಾಯಿಗೆ ಹೋದರು. ಗಾಳಿಯನ್ನು ನೆಟ್ಟಗೆ ಮಾಡಲು ನಾವು ಒತ್ತೊತ್ತಾಗಿ ಅಂಟಿಸಿದ ತಂಪುಪಾನೀಯದ ಸ್ಟ್ರಾಗಳನ್ನು ಕಂಡು, "ಇವನ್ನ ಎಲ್ಲಿಂದ ತಂದ್ರಿ?" ಎಂದರು. ನಿಮ್ಮ ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಿಂದ ಎಂದೆ. ಅವರು ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಶುರುವಾಯಿತು ಪರೀಕ್ಷೆ. ವೋಲ್ಟೇಜ್ ಏರಿಳಿತದಿಂದ ಫ್ಯಾನ್ ತಪ್ಪು ಮಾಡುತ್ತಿರಬಹುದು ಎಂದರು. ವರ್ಕ್‌ಶಾಪಿನ ಫಕೀರಪ್ಪ ಡೀಸೆಲ್ ಜನರೇಟರಿಗೆ ಜೋಡಿಸಿಕೊಟ್ಟ. ಕಂಬಗಳಲ್ಲಿ ಒಂದು ಒರಟಾಗಿರಬಹುದು ಎಂದರು. "ನೀವ ಅದಲಿ ಬದಲಿ ಮಾಡ್ರಿ ಸರ್" ಎಂದೆ. ಕೋಟು ಬಿಚ್ಚಿ ಫಕೀರಪ್ಪನ ಕೈಗೆ ಕೊಟ್ಟು, ಕಂಬಗಳನ್ನು ಕಿತ್ತು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಾವೇ ನೆಟ್ಟರು.

ಗಾಳಿಯ ದಾರಿ ಕಾಣಲೆಂದು ಹೊಗೆ ಬಿಟ್ಟೆವು. ಅದು ಬಲಕ್ಕೆ ವಾಲಿ ಹಾಗೆಯೇ ನಿಂತಿತು. ಚಹಾ ಬಂತು. ಪ್ರಿನ್ಸಿಪಾಲರು ಕೆಮ್ಮಿದರು.

"ಎಷ್ಟೊತ್ತು ಕಾಯೋದ್ರಿ?" ಎಂದರು ಮಜೀದ ಸರ್.

"ಹೇಳಾಕ ಬರಂಗಿಲ್ರಿ ಸರ್. ಹೇಳಾಕ ಬಂದಿದ್ರ ನಮಗ ಈ ಕೆಲಸನ ಇರ್ತಿರಲಿಲ್ಲ."

ನಿನ್ನ ಮೊದಲ ಲೆಕ್ಕ ಹೇಳಿದಂತೆ ಗಾಳಿ ಗಡಿಯಾರದ ಲೋಲಕದ ಹಾಗೆ ಹೊರಳುತ್ತಿದ್ದರೆ ಎಷ್ಟು ಸುಲಭವಿತ್ತು ಎಂದುಕೊಳ್ಳುತ್ತ ನಿಂತಿದ್ದೆ. ಆಗ ಫಕೀರಪ್ಪ "ಹೊಳ್ಳಿತ್ರಿ" ಎಂದ. ಕಪ್ಪು ಬಸಿಗಳನ್ನು ಕೆಳಗಿಟ್ಟು ಎಲ್ಲರೂ ಸುರಂಗದತ್ತ ನುಗ್ಗಿದ ಸದ್ದಾಯಿತು. ಮಜೀದ ಸರ್ ತಮ್ಮಷ್ಟಕ್ಕೆ ತಾವೇ, "ಖರೇನ ಹೊಳ್ಳಿತಲ್ಲ" ಎಂದರು. ಅವರು ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಕರೆದರೂ ಹೋಗದೆ ಅದು ಮತ್ತೆ ಹೊರಳುವತನಕ ಕಾದರು.

ಆಮೇಲೆ ನಿನ್ನ ಹೊಸ ಲೆಕ್ಕವನ್ನು ಮುಂದಿಟ್ಟೆ. ಮೊದಲ ಲೆಕ್ಕದ ಹಾಗೆ ಗಾಳಿಯನ್ನು ಹಾಳೆಯಂತೆ ಚಪ್ಪಟೆ ಎಂದು ಭಾವಿಸಿದರೆ ಅದು ಬೇಗಬೇಗ ಹೊರಳುತ್ತದೆ, ಕಂಬದ ಉದ್ದಕ್ಕೂ ಮೇಲೆ ಕೆಳಗೆ ಅದು ಅಡ್ಡಾಡಲು ಬಿಟ್ಟರೆ ಮಾತ್ರ ಪ್ರಯೋಗದ ಹಾಗೆ ನಿಧಾನವಾಗಿ, ಮನಸ್ಸಿಗೆ ಬಂದಾಗ ಹೊರಳುತ್ತದೆ ಎಂದು ವಿವರಿಸಿದೆ. ಹಳೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ನೀನು ತಿಂಗಳುಗಟ್ಟಲೆ ಈ ಲೆಕ್ಕ ಓಡಿಸಿದ್ದನ್ನೂ ಹೇಳಿದೆ. "ತನ್ನ ಲೆಕ್ಕ ತಾನ ತಪ್ಪು ಅಂತ ತಿದ್ದಿಕೊಂಡಾಳ್ರಿ ಈಕಿ?" ಎಂದು ಕೇಳಿದರು. ಹೌದು ಎಂದೆ, ಜಯಾ, ಇಷ್ಟು ಹೆಮ್ಮೆಯಿಂದ ನಾನು ಯಾವತ್ತೂ ಹೌದು ಎಂದಿರಲಿಲ್ಲ.

ಕೋಟು ಹಾಕಿಕೊಂಡು ಎಲ್ಲರ ಎದುರಿಗೆ ಅವರು ಹೇಳಿದರು: "ಹ್ವಾದ ವರ್ಷ ನಾ ಇವರ ಟನಲ್ ಸೊಟ್ಟ ಐತಿ ಅಂದಿದ್ದೆ. ತಪ್ಪು ನಂದು. ಟನಲ್ ನೆಟ್ಟಗೈತಿ, ಗಾಳಿನ ಸೊಟ್ಟ. ಪ್ರಿನ್ಸಿಪಾಲರ, ಈ ಶೆಡ್ಡಿಗೆ ಕೈ ಹಚ್ಚಬ್ಯಾಡ್ರಿ. ಇದು ಇಲ್ಲದಿದ್ರ ಕಂಪ್ಯೂಟರಿಗೆ ತಾ ತಪ್ಪೇನಿ ಅನ್ನೋದು ಗೊತ್ತಾಗೋದು ಹೆಂಗ?"

ಪ್ರಿನ್ಸಿಪಾಲರು ಅವತ್ತೇ ಶೆಡ್ಡಿನ ಸೋರುವ ತಗಡು ಬದಲಿಸಲು ಹೇಳಿದರು. ಪ್ರಬಂಧವನ್ನು ಇಬ್ಬರ ಹೆಸರಿನಲ್ಲಿ ಕಳಿಸಬೇಕೆಂದು ಮಜೀದ ಸರ್ ಹೇಳಿಹೋಗಿದ್ದಾರೆ. ನಿನ್ನ ಹೆಸರು ಮೊದಲಿರಲಿ, ವಾದ ಮಾಡಬೇಡ. ಫಕೀರಪ್ಪ ಊರಿಗೆಲ್ಲ ಪೇಢೆ ಹಂಚಿದ. ಅತ್ತೆ ಇವತ್ತು ಚರ್ಚಿನಲ್ಲಿ ನಿನ್ನನ್ನೂ ಸೇರಿಸಿ ಪ್ರಾರ್ಥನೆ ಮಾಡಿಸಿದರು. ಪಾದ್ರಿಯವರು "ಪುಣೆಯಲ್ಲಿರುವ ನಮ್ಮ ಸಹೋದರಿ ಜಯಾ" ಎಂದಾಗ ಲಿಂಗಾಯತರ ಮಗಳು ನೀನು ಏನನ್ನುತ್ತಿದ್ದೆಯೋ ಎಂದು ನಗು ಬಂತು.

ನಿನ್ನ ಕೈಗೂ ಬುದ್ಧಿಗೂ ದೇವರು ದಣಿವು ಕೊಡದಿರಲಿ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಈವ್ಲಿನ್

ತಾ.ಕ.: ಆ ಹೊಗೆ ಹೊರಳಿದ್ದನ್ನು ನಾನು ನೋಡಲಿಲ್ಲ. ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿದೆ, ಜಯಾ. ಅಂಚಿನಲ್ಲಿ ಮನುಷ್ಯರು ಕಾಣುತ್ತಾರೆ, ನೇರ ನೋಡಿದ್ದು ಕಾಣುವುದಿಲ್ಲ. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನನ್ನ ಗಂಡ ನೇಥನ್‌ನ ಹೊರತು ಯಾರಿಗೂ ತಿಳಿಸಿಲ್ಲ. ನಿನ್ನ ಪತ್ರಗಳನ್ನು ಓದಿ ಹೇಳಿದವನೂ, ನಾನು ಹೇಳಿದಂತೆ ಇದನ್ನು ಬರೆಯುತ್ತಿರುವವನೂ ಅವನೇ. ಕಂಬದ ಹಿಂದೆ ಗಾಳಿಯ ವೇಗ ಅಳೆಯುವ ಬಿಸಿ ತಂತಿಗೆ ಒಂದು ಹೆಡ್‌ಫೋನ್ ಜೋಡಿಸಿ ಒಂದೇ ಕಿವಿಗೆ ಇಟ್ಟುಕೊಂಡಿದ್ದೆ. ಗಾಳಿ ಹೊರಳಿದಾಗ ದಪ್ಪ ಸ್ವರ ಸಣ್ಣದಾಗುತ್ತದೆ. ಫಕೀರಪ್ಪ ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ಪ್ರಯೋಗ ಹೀಗೆ ನಡೆಸಬಲ್ಲೆ, ಅದರ ಚಿಂತೆ ನಿನಗೆ ಬೇಡ. ಆದರೆ ನಿನ್ನ ಲೆಕ್ಕದ ಬಣ್ಣದ ಚಿತ್ರಗಳು ಮೇಜಿನ ಮೇಲಿವೆ, ಎಲ್ಲರೂ ಚೆಂದ ಎನ್ನುತ್ತಾರೆ. ಬೇಸಿಗೆಯಲ್ಲಿ ಬಾ. ನನ್ನ ಪಕ್ಕ ಕೂತು, ಯಾವುದು ಕೆಂಪು, ಯಾವುದು ನೀಲಿ, ಎಲ್ಲಿ ಸುಳಿ ಏಳುತ್ತದೆ, ಒಂದೊಂದನ್ನೇ ಹೇಳು.