‘ಬಾರದು’ ‘ಬಹುದು’ ಆದ ಬಗೆ

ನೀರು ಕಚೇರಿಯ ಖರೀದಿ ಅಧಿಕಾರಿಗಳೇ,

ನೀವು ಕೊಂಡು ಕಳಿಸಿದ ಸ್ಟೆನ್ಸಿಲ್ ಹಾಳೆ ಎಂಟನೆಯ ನಲ್ಲಿಗೆ ಬರುವಷ್ಟರಲ್ಲೇ ಹರಿದುಹೋಯಿತು. ಅದರಿಂದ ನಮ್ಮ ಅತ್ತಿಗೆ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುತ್ತೀರಿ. ಹೇಳೋಣವೆಂದು ಎರಡು ಸಲ ನಿಮ್ಮ ಬಾಗಿಲವರೆಗೆ ಬಂದೆ. ಒಳಗೆ ಬರುವ ಧೈರ್ಯ ಸಾಲದೆ ಹಿಂದಿರುಗಿದೆ. ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಉದ್ಯಾನಗಳಲ್ಲಿ ಗಿಡಗಳಿಗೆಂದು ಚರಂಡಿ ನೀರನ್ನು ಸೋಸಿ ಬಿಡುತ್ತೀರಲ್ಲ, ಆ ನಲ್ಲಿಗಳ ಮೇಲೆ ‘ಈ ನೀರು ಕುಡಿಯಬಾರದು’ ಎಂದು ಬರೆಯುವುದು ನನ್ನ ಕೆಲಸ. ಅಕ್ಷರ ಕೊರೆದ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬಣ್ಣ ತಟ್ಟಬೇಕು, ಹಾಳೆಯನ್ನು ಒರೆಸಿ ಮುಂದಿನ ನಲ್ಲಿಗೆ ಹೋಗಬೇಕು. ಇದನ್ನು ಕಲಿಸಿದ ನನ್ನ ದೊಡ್ಡಪ್ಪ ಅಲ್ಯೂಮಿನಿಯಂ ತಗಡಿನಲ್ಲಿ ತಾವೇ ಅಕ್ಷರ ಕೊರೆಯುತ್ತಿದ್ದರು. ‘ರ’ ಅಕ್ಷರದ ಹೊಟ್ಟೆಯ ತುಂಡು ಉದುರದಂತೆ ಎರಡು ಕಡೆ ಸಣ್ಣ ಪಟ್ಟಿ ಬಿಡುತ್ತಿದ್ದರು. ಅದಕ್ಕೆ ನಾವು ಕೊಂಡಿ ಎನ್ನುತ್ತೇವೆ. “ಅಕ್ಷರ ನಿಂತಿರೋದೇ ಕೊಂಡಿ ಮೇಲೆ ಕಣಮ್ಮ. ಕೊಂಡಿ ಹೋದ್ರೆ ಹೊಟ್ಟೆ ಹೋಯ್ತು, ಹೊಟ್ಟೆ ಹೋದ್ರೆ ಮಾನ ಹೋಯ್ತು,” ಎನ್ನುತ್ತಿದ್ದರು. ಆ ತಗಡು ಹತ್ತೊಂಬತ್ತು ವರ್ಷ ಬಾಳಿತು. ಅವರು ನಿವೃತ್ತರಾದ ವಾರವೇ ಅದನ್ನು ‘ಹಳೆಯ ಸಾಮಾನು’ ಎಂದು ಉಗ್ರಾಣಕ್ಕೆ ಎಳೆದುಕೊಂಡಿರಿ.

ಹೊಸದನ್ನು ನೀವು ಆರಿಸಿದ ಬಗೆಯನ್ನು ನಮ್ಮ ಕೆಲಸದ ಮೇಸ್ತ್ರಿ ಹೇಳಿದರು. ಮೇಜಿನ ಮೇಲೆ ಮೂರು ಮಾದರಿ ಇದ್ದವಂತೆ. ತಗಡು ಭಾರವಂತೆ. ದಪ್ಪ ಪ್ಲಾಸ್ಟಿಕ್ ಹಾಳೆ ಸುರುಳಿ ಸುತ್ತಿಕೊಂಡು ಕಡತದಲ್ಲಿ ಕೂರುವುದಿಲ್ಲವಂತೆ. ಹೊಳಪಿನ ರಟ್ಟು ಮಾತ್ರ ಬೆಳ್ಳಗೆ, ಹಗುರವಾಗಿ, ಅಂದವಾಗಿತ್ತಂತೆ. ಸ್ವಾಮಿ, ಅದನ್ನು ಗೋಡೆಯ ಮೇಲೆ ಇಡುತ್ತೇವೆಯೇ, ಶೋಕೇಸಿನಲ್ಲಿ ಇಡುತ್ತೇವೆಯೇ? ಮೂರರಲ್ಲಿ ಒಂದಕ್ಕಾದರೂ ಒಂದು ಹನಿ ಬಣ್ಣ ತಾಗಿಸಿ, ಥಿನ್ನರ್ ಹಾಕಿ ಒರೆಸಿ ನೋಡಿದಿರಾ? ನೀವು ಕೊಂಡ ಆ ರಟ್ಟು ಕೊಟ್ಟವರು ಆಹ್ವಾನಪತ್ರಿಕೆ ಅಚ್ಚು ಹಾಕುವವರು. ಒಂದು ದಿನ ಬಾಳಿದರೆ ಸಾಕೆನ್ನುವ ಕಾಗದದಲ್ಲಿ ಅವರು ನಿಪುಣರು, ತಪ್ಪು ಅವರದಲ್ಲ. ಆದರೆ ನಿಮ್ಮ ಆದೇಶದಲ್ಲಿ ‘ಬಾಳಿಕೆ ಬರುವ, ಮರುಬಳಕೆಯ’ ಎಂಬ ಮಾತಿದೆ. ಮರುಬಳಕೆಯನ್ನೇನೋ ನಾವು ಮಾಡಿದೆವು. ರಟ್ಟು ನೆನೆದು ಉಬ್ಬಿತು, ಟೇಪು ಹಚ್ಚಿ ಬಳಸಿದೆವು. ಅಂಚು ಸುರುಟಿತು, ಕಲ್ಲು ಹೇರಿ ಚಪ್ಪಟೆ ಮಾಡಿ ಬಳಸಿದೆವು. ಎಂಟನೆಯ ನಲ್ಲಿಯಲ್ಲಿ ಕೊಂಡಿ ಕಿತ್ತು ‘ರ’ದ ಹೊಟ್ಟೆ ಉದುರಿತು, ಪಕ್ಕದ ‘ಬಾ’ದ ದೀರ್ಘವೂ ಅದರೊಳಗೆ ಕಲೆಸಿಹೋಯಿತು. ಗೋಡೆಯ ಮೇಲೆ ಉಳಿದದ್ದು: ‘ಈ ನೀರು ಕುಡಿಯಬ’, ಒಂದು ಕರಿಮುದ್ದೆ, ‘ದು’.

“ಮೇಸ್ತ್ರಿ, ಇದು ಓದೋಕಾಗಲ್ಲ,” ಎಂದೆ.

“ಓದೋರಿಗೆ ತಿಳಿಯುತ್ತೆ ಬಿಡಮ್ಮ. ಹೊಸದು ಬರೋವರ್ಗೂ ಇದನ್ನೇ ಹೊಡಿ.”

ಅದನ್ನು ಹಾಗೇ ಬಿಟ್ಟು ಮುಂದಿನ ನಲ್ಲಿಗೆ ಹೋದೆ. ಆ ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆ ಎಂಟನೆಯ ನಲ್ಲಿ ಇರುವ ಉದ್ಯಾನದಲ್ಲಿ ಕಸ ಗುಡಿಸುವವರು ನಮ್ಮ ಅತ್ತಿಗೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಐದನೆಯ ತರಗತಿಗೆ ಶಾಲೆ ಬಿಟ್ಟ ನಾನೇ ಅವರಿಗೆ ಹೋದ ವರ್ಷ ಅಕ್ಷರ ಕಲಿಸಿದ್ದು. ಅಂದಿನಿಂದ ಅವರು ಬಸ್ಸಿನ ಬೋರ್ಡು, ಸೋಪಿನ ಹೊದಿಕೆ ಏನನ್ನೂ ಓದದೆ ಬಿಟ್ಟವರಲ್ಲ. ಆ ನಲ್ಲಿಯ ಮುಂದೆಯೂ ನಿಂತು ಬೆರಳಿಟ್ಟು ಓದಿದರು. ಮುದ್ದೆಯ ಜಾಗದಲ್ಲಿ ಬಾಯಾರಿದವರಿಗೆ ಯಾವ ಅಕ್ಷರ ಕಾಣುತ್ತದೆ, ನೀವೇ ಹೇಳಿ. ‘ಕುಡಿಯಬಹುದು’ ಎಂದು ಓದಿಕೊಂಡು ಮೂರು ದಿನ ಬಾಟಲಿ ತುಂಬಿಸಿಕೊಂಡರು.

ಆಸ್ಪತ್ರೆಯ ಮಂಚದ ಮೇಲೆ, ಕೈಗೆ ಸೂಜಿ ಚುಚ್ಚಿಸಿಕೊಂಡು, ಅವರು ನನ್ನನ್ನು ಬೈಯಲೂ ಇಲ್ಲ. “ನೀನೇ ಬರ್ದಿದ್ದಲ್ವೇನೇ? ಅದಕ್ಕೇ ಯಾರನ್ನೂ ಕೇಳ್ಲಿಲ್ಲ,” ಎಂದರು.

ನನ್ನ ಬೇಡಿಕೆ ದೊಡ್ಡದಲ್ಲ. ಉಗ್ರಾಣದಲ್ಲಿರುವ ದೊಡ್ಡಪ್ಪನ ತಗಡನ್ನು ನಾಳೆಯೇ ಹಿಂದಿರುಗಿಸಿ. ಹೊಸದು ಬೇಕೇಬೇಕೆಂದರೆ ತಗಡನ್ನೋ ದಪ್ಪ ಪ್ಲಾಸ್ಟಿಕ್ಕನ್ನೋ ಕೊರೆಯುವವರನ್ನೇ ಹುಡುಕಿ. ಅವರ ಮಾದರಿಯನ್ನು ಒಂದು ವಾರ ನಮ್ಮ ಕೈಗೆ ಕೊಡಿ. ಐವತ್ತು ಸಲ ಬಣ್ಣ ತಟ್ಟಿ ಐವತ್ತು ಸಲ ಒರೆಸುತ್ತೇವೆ. ಕೊಂಡಿ ಉಳಿದರೆ ಆಮೇಲೆ ರುಜು ಹಾಕಿ.

ಅತ್ತಿಗೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಬೋರ್ಡು ಕಂಡರೆ ಈಗ ಅವರು ಓದುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ.

ಇಂತಿ,
ನಿಮ್ಮಿಂದ ತಗಡು ಬರುವವರೆಗೆ ಪ್ರತಿ ನಲ್ಲಿಯಲ್ಲೂ
‘ಬಾರ’ವನ್ನು ಕೈಯಲ್ಲೇ ತಿದ್ದುತ್ತಿರುವ
ಬಣ್ಣದ ಕೆಲಸದವಳು