ಮುಗಿಯಬಾರದಿದ್ದ ಕೋಲ

ದಿಂಡಿಗಲ್
24 ಜನವರಿ 2025

ಅಮ್ಮನಿಗೆ ಇಂದುಜಾಳ ನಮಸ್ಕಾರ. ಕ್ಷೇಮವೇ ಎಂದು ಕೇಳುವ ಮುಖ ಈಗ ನನಗಿಲ್ಲ.

ಫೋನನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದ್ದೀಯೆಂದು ಪಾಪಮ್ಮಾಳ್ ಚಿತ್ತಿ ಹೇಳಿದಳು. ಅದಕ್ಕೇ ಈ ಕಾಗದ. ಅವಳ ಕೈಯಲ್ಲೇ ಓದಿಸಿಕೋ. ನಡುನಡುವೆ ನನ್ನನ್ನು ಬೈದರೆ ತಡೆಯಬೇಡ. ನಿನ್ನ ತಂಗಿಯಲ್ಲವೇ, ಬೈಯುವುದರಲ್ಲಿ ನಿನ್ನನ್ನೂ ಮೀರಿಸುತ್ತಾಳೆ.

ವಿಡಿಯೋ ಗೇಮ್ ಮಾಡುವುದೇ ನನ್ನ ಕೆಲಸ ಎಂದಾಗ ಅಪ್ಪ, "ಆಡ್ಕೊಂಡಿರಕ್ಕೂ ಸಂಬಳ ಕೊಡ್ತಾರಾ ಕಣ್ಣು?" ಎಂದು ನಕ್ಕಿದ್ದರು. ನಾನು ನೀನು ಬಾಗಿಲ ಮುಂದೆ ಹಾಕುವ ರಂಗೋಲಿಯನ್ನೇ, ನಿನ್ನ ಕೋಲಗಳನ್ನೇ, ಆಟ ಮಾಡಿದೆ. ಚುಕ್ಕಿಗಳ ಸುತ್ತ ಒಂದೇ ಎಳೆ, ಬೆರಳು ಎತ್ತದೆ ಹೊರಟಲ್ಲಿಗೇ ಬಂದು ಸೇರಬೇಕು. ಬೆರಳು ನಿಧಾನವಾದರೆ ಎಳೆ ದಪ್ಪ, ಓಡಿದರೆ ತೆಳು, ನಿನ್ನ ಕೈಯಿಂದ ಹಿಟ್ಟು ಬೀಳುವ ಹಾಗೆಯೇ. ಅದೊಂದನ್ನು ಬರಿಸಲು ನಾಲ್ಕು ತಿಂಗಳು ಹಿಡಿಯಿತು. ಹಿಟ್ಟು ಉದುರುವ ಸದ್ದಿಗಾಗಿ ಸ್ಟೀಲ್ ತಟ್ಟೆ, ಸೆಗಣಿ ಸಾರಿಸಿದ ಹಲಗೆ, ಹಳೆಯ ಪೇಪರ್, ಎಲ್ಲದರ ಮೇಲೂ ಉದುರಿಸಿ ರೆಕಾರ್ಡ್ ಮಾಡಿದೆ. ನನ್ನ ರೂಮಿನ ಕೆಳಗಿನ ಬೀಗದ ಅಂಗಡಿಯವರು ನನಗೆ ಹುಚ್ಚು ಹಿಡಿದಿದೆ ಎಂದೇ ತಿಳಿದಿದ್ದರು. ಅಮ್ಮ, ಅಷ್ಟು ಸುಖ ನಾನು ಬೇರೆಲ್ಲೂ ಕಂಡಿಲ್ಲ. ಆ ಸುಖದಲ್ಲೇ, ಅಪ್ಪ ಆಸ್ಪತ್ರೆಯಲ್ಲಿದ್ದ ಎರಡು ವಾರ ಊರಿಗೆ ಬರಲಿಲ್ಲ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿನಾರನೆಯ ದಿನದ ಕಾರ್ಯ ಮುಗಿಸಿ ಹೊರಡುವಾಗ ಆಟವನ್ನು ನಿನ್ನ ಫೋನಿಗೆ ಹಾಕಿಕೊಟ್ಟೆ. ಸಾವಾದ ಮನೆ, ವರ್ಷ ತುಂಬುವ ತನಕ ನಮ್ಮ ಬಾಗಿಲಿಗೆ ಕೋಲವಿಲ್ಲ. ಮಾರ್ಗಳಿಯಲ್ಲಿ, ಧನುರ್ಮಾಸ ಪೂರ್ತಿ, ಬೀದಿಯವರೆಲ್ಲ ಬಣ್ಣ ತುಂಬುವಾಗ ನೀನೊಬ್ಬಳು ಬರಿ ನೀರು ಚಿಮುಕಿಸಿ ಒಳಗೆ ಹೋಗಬೇಕು. ಹೊತ್ತು ಹೋಗಲಿ ಎಂದು ಕೊಟ್ಟಿದ್ದೆ.

ಆಡುವವರು ಎಲ್ಲಿ ಸೋಲುತ್ತಾರೆಂದು ನಮ್ಮ ಕಂಪ್ಯೂಟರಿನಲ್ಲಿ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಯಾರೋ ಒಬ್ಬರು ದಿನಾ ಬೆಳಿಗ್ಗೆ ಐದೂವರೆಗೆ ಅದೇ ಕೋಲ ಶುರುಮಾಡಿ, ಕೊನೆಯ ಚುಕ್ಕಿಯವರೆಗೆ ಒಂದೂ ತಪ್ಪಿಲ್ಲದೆ ಬಂದು, ಎಳೆ ಸೇರಿಸದೆ ಮುಚ್ಚಿಬಿಡುತ್ತಿದ್ದರು. ಅರವತ್ತು ದಿನವೂ ಹಾಗೇ. ಆ ಚುಕ್ಕಿ ಪರದೆಯ ಅಂಚಿಗಿದೆ, ಬೆರಳಿಗೆ ಎಟುಕುತ್ತಿಲ್ಲ, ನನ್ನ ಆಟದ್ದೇ ದೋಷ ಎಂದುಕೊಂಡೆ. ಪೊಂಗಲಿಗೆ ಅದನ್ನು ತಿದ್ದಿ ಎಲ್ಲರ ಫೋನಿಗೂ ಕಳಿಸಿದೆ. ಈಗ ಕೊನೆಯ ಚುಕ್ಕಿಯ ಹತ್ತಿರ ಬೆರಳು ನಿಂತರೆ ಸಾಕು, ಎಳೆ ತಾನಾಗಿ ಸೇರಿಕೊಳ್ಳುತ್ತದೆ. ಹೂ ಸುರಿಯುತ್ತದೆ, ನಾದಸ್ವರ ಮೊಳಗುತ್ತದೆ.

ನೀನು ಅಪ್ಪನ ಪಟದ ಮುಂದೆ ಕೂತು ಆಡುತ್ತಿದ್ದೆಯಂತೆ. ಇದೇನಕ್ಕಾ ಎಂದು ಚಿತ್ತಿ ಕೇಳಿದ್ದಕ್ಕೆ, "ಎಳೆ ಸೇರಿದ್ರೇ ಕೋಲ. ಸೇರಿಸ್ದೆ ಬಿಟ್ರೆ ಬರಿ ಗೀರು. ಅವ್ರುಗೆ ದೋಷಂ ಇಲ್ಲಡಿ" ಅಂದಿದ್ದೆಯಂತೆ. ಇದೆಲ್ಲ ನನಗೆ ಹೋದ ವಾರವಷ್ಟೇ ತಿಳಿಯಿತು.

ಅಂಥ ಮನೆಯಲ್ಲಿ ಪೊಂಗಲ್ ಬೆಳಿಗ್ಗೆ, ಅಪ್ಪನ ಎದುರಿಗೇ, ನಾನು ನಾದಸ್ವರ ಊದಿಸಿದೆ. ಕೋಲ ಮುಗಿಸಿದ ಪಾಪ ನಿನ್ನದೆಂದು ಒಂದು ಹೊತ್ತಿನ ಊಟ ಬಿಟ್ಟಿದ್ದೀಯಂತೆ. ಬೇಡ ಅಮ್ಮ. ನಿನ್ನ ಬೆರಳು ನಿಂತಿತ್ತು, ಸೇರಿಸಿದ್ದು ನನ್ನ ಕೈ. ನಿನ್ನ ಮಗಳಾಗಿ ಹುಟ್ಟಿದವಳಿಗೆ ಅದು ಹೊಳೆಯಬೇಕಿತ್ತು. ದೋಷ ಇದ್ದರೆ ನನಗಿರಲಿ, ನೀನು ಊಟ ಮಾಡು. ಆ ತಿದ್ದುಪಡಿಯನ್ನು ತೆಗೆದುಹಾಕಿದ್ದೇನೆ. ಇನ್ನು ಯಾರ ಕೋಲವೂ ತಾನಾಗಿ ಮುಗಿಯುವುದಿಲ್ಲ.

ನಿನ್ನ ಮಗಳು,
ಇಂದುಜಾ

ಮತ್ತೆ: ಚಿತ್ತಿ, ಇದನ್ನೂ ಜೋರಾಗಿ ಓದು. ಯಾರೋ ಒಬ್ಬರು ಎಂದು ಬರೆದದ್ದು ಸುಳ್ಳು. ಎರಡನೆಯ ದಿನವೇ ಅದು ನೀನೆಂದು ಗೊತ್ತಾಗಿತ್ತು ಅಮ್ಮ, ಎಳೆಯ ಬಾಗನ್ನು ಆ ವೇಗದಲ್ಲಿ ತಿರುಗಿಸುವವಳು ನೀನೊಬ್ಬಳೇ. ದಿನಾ ಕಂಪ್ಯೂಟರ್ ತೆರೆದು, ಅಮ್ಮ ಎದ್ದಿದ್ದಾಳೆ, ಇನ್ನು ಫೋನ್ ಯಾಕೆ ಎಂದು ಕೆಲಸಕ್ಕೆ ಕೂರುತ್ತಿದ್ದೆ. ಬೆರಳು ಎಟುಕುತ್ತಿಲ್ಲವಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಫೋನ್ ಮಾಡಿದರೆ, ಆ ಎರಡು ವಾರ ಯಾಕೆ ಬರಲಿಲ್ಲ ಎಂದು ನೀನು ಕೇಳುತ್ತೀಯೆಂಬ ಭಯ. ಭಾನುವಾರ ಕಂಬಂ ಬಸ್ಸಿಗೆ ಊರಿಗೆ ಬರುತ್ತಿದ್ದೇನೆ. ಕೇಳಿಬಿಡು.